ಉಗುಳಿನಲ್ಲಿ ಖಿನ್ನತೆ, ಕುಡಿತ ಹುಡುಕುವ ಜೀನ್ ಕಿಟ್: ನಮ್ಮ ಮನೆಯ ನಾಲ್ಕು ರಿಪೋರ್ಟ್‌ಗಳು

ಬಾಕ್ಸ್ ಚೆನ್ನಾಗಿದೆ. ಅದರಲ್ಲಿ ಎರಡು ಮಾತಿಲ್ಲ. ಗಟ್ಟಿ ಬಿಳಿ ರಟ್ಟು, ಒಳಗೆ ಒಂದು ಟ್ಯೂಬ್, ಬಾರ್‌ಕೋಡ್ ಸ್ಟಿಕ್ಕರ್, ವಾಪಸ್ ಕಳಿಸಲು ಕವರ್. ಟ್ಯೂಬಿನ ಗೆರೆ ಮುಟ್ಟುವವರೆಗೆ ಉಗುಳಬೇಕು. ಮುಚ್ಚಳ ತಿರುಗಿಸಿದರೆ ಒಳಗಿನ ದ್ರಾವಣ ಇಳಿದು ಬೆರೆಯುತ್ತದೆ. ಕೊರಿಯರ್‌ನವರು ಮನೆಗೇ ಬಂದು ಒಯ್ಯುತ್ತಾರೆ. ಕೆಲವು ವಾರ ಬಿಟ್ಟು ಫೋನಿಗೆ ರಿಪೋರ್ಟ್ ಬರುತ್ತದೆ. ಖಿನ್ನತೆ, ಆತಂಕ, ಕುಡಿತ, ಸಿಗರೇಟು, ನಿದ್ದೆ, ಸಿಟ್ಟು, ಎಲ್ಲದಕ್ಕೂ ಒಂದೊಂದು ಮೀಟರ್. ಹಸಿರು, ಹಳದಿ, ಕೆಂಪು.

ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಕಿಟ್ ಮಾರುವವರು ಹಲವರಿದ್ದಾರೆ. ನನ್ನ ತಕರಾರು ಒಬ್ಬರ ಮೇಲಲ್ಲ, ಈ ಮೀಟರ್‌ಗಳ ಮೇಲೆ.

ನಾನು ಉಡುಪಿಯ ಸಂತೆಕಟ್ಟೆ ಕಡೆ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಕಿಟ್‌ಗೆ ದುಡ್ಡು ಕೊಟ್ಟದ್ದು ನಾನಲ್ಲ, ಬಹ್ರೈನ್‌ನಲ್ಲಿರುವ ತಮ್ಮ. ನಾಲ್ಕು ಜನರ ಫ್ಯಾಮಿಲಿ ಪ್ಯಾಕ್, ಆಫರ್ ಕಳೆದು ಇಪ್ಪತ್ತು ಸಾವಿರದ ಹತ್ತಿರ. ರಜೆಗೆ ಬಂದಾಗ ಮನೆ ವಿಳಾಸಕ್ಕೆ ತರಿಸಿದ. ಅವನ ಹೆದರಿಕೆಗೆ ಕಾರಣ ಇದೆ. ಅಪ್ಪ ಕುಡಿದು ಲಿವರ್ ಕೆಟ್ಟು ತೀರಿಕೊಂಡರು. ತಂಗಿಗೆ ಹೆರಿಗೆಯ ನಂತರ ಖಿನ್ನತೆ ಬಂದು ಚಿಕಿತ್ಸೆ ಆಯಿತು. ಈಗ ಅವನಿಗೆ ಹೆಣ್ಣು ನೋಡುತ್ತಿದ್ದೇವೆ. "ಅಕ್ಕಾ, ನನ್ನಲ್ಲೂ ಅದು ಉಂಟಾ ಇಲ್ವಾ ಅಂತ ಒಮ್ಮೆ ಗೊತ್ತಾಗಲಿ" ಅಂದ. ಕಂಪನಿಯವರ ವೆಬ್‌ಸೈಟಿನಲ್ಲಿ ಮದುವೆಗೆ ಮುಂಚೆ ಮಾಡಿಸುವ ಪ್ಯಾಕೇಜೂ ಇದೆ. ಜಾತಕದ ಜೊತೆ ಇನ್ನು ಇದೂ ಸೇರಿದರೆ ನಮ್ಮ ಬ್ರೋಕರ್‌ಗಳಿಗೆ ಕೆಲಸ ಜಾಸ್ತಿ.

ಸ್ಯಾಂಪಲ್ ಕೊಡುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ನಮಗೆ ಕಷ್ಟವಾಗಲಿಲ್ಲ. ಅಮ್ಮನಿಗೆ ಆಯಿತು. ಅವರ ಬಾಯಲ್ಲಿ ಎಲೆ ಅಡಿಕೆ ಇಲ್ಲದ ಅರ್ಧ ಗಂಟೆ ಅಂದರೆ ನಿದ್ದೆಯ ಹೊತ್ತು ಮಾತ್ರ. ಮೊದಲ ಸಲ ಕಳಿಸಿದ ಟ್ಯೂಬ್ ಕೆಂಪಾಗಿತ್ತು. ಲ್ಯಾಬಿನವರು ಆಗುವುದಿಲ್ಲ ಎಂದು ಹೇಳಿ ಇನ್ನೊಂದು ಕಿಟ್ ಪುಕ್ಕಟೆ ಕಳಿಸಿದರು. ಇದಕ್ಕೆ ಪೂರ್ತಿ ಮಾರ್ಕು. ಆದರೆ ರಿಪೋರ್ಟ್ ಬಂದಾಗ ನೋಡುತ್ತೇನೆ, ಕಾಫಿಗೂ ಒಂದು ಮೀಟರ್ ಇದೆ, ಅಡಿಕೆಗೆ ಇಲ್ಲ. ಅಡಿಕೆಯಲ್ಲಿ ಅರೆಕೊಲಿನ್ ಎಂಬ ಅಂಶವಿದೆ, ಅದು ಮಿದುಳಿನ ಮೇಲೆ ಕೆಲಸ ಮಾಡುತ್ತದೆ, ಚಟ ಹಿಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ಇದನ್ನು ಜೋರಾಗಿ ಹೇಳುವುದು ಕಷ್ಟ, ಗೊತ್ತು. ನಮ್ಮದೂ ಸ್ವಲ್ಪ ಅಡಿಕೆ ತೋಟ ಇದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಂಗಿಗೆ ಖಿನ್ನತೆಯ ಮೀಟರ್ ಹಸಿರು. ಅಪಾಯ ಕಡಿಮೆ ಅಂತೆ. ಬಾಣಂತನದಲ್ಲಿ ನಾವು ಕಣ್ಣಾರೆ ಕಂಡ ಕಾಯಿಲೆ ಅದು. ನನಗೆ ಅದೇ ಮೀಟರ್ ಕೆಂಪು. ನನಗೆ ಸಿಟ್ಟು ಬರುತ್ತದೆ, ಸುಸ್ತಾಗುತ್ತದೆ, ಆದರೆ ಖಿನ್ನತೆ ಇದುವರೆಗೆ ಬಂದಿಲ್ಲ. ತಮ್ಮನಿಗೆ ಕುಡಿತದ್ದು ಹಸಿರು. ಅಮ್ಮನಿಗೆ, ಜೀವನದಲ್ಲಿ ಒಂದು ಹನಿ ಶೇಂದಿಯನ್ನೂ ಮುಟ್ಟದವರಿಗೆ, ಕುಡಿತದ್ದು ಹಳದಿ. ಅವರು ಒಂದು ವಾರ ಮಾತು ಬಿಟ್ಟರು. ನಮ್ಮ ಹತ್ತಿರ ಅಲ್ಲ, ಆ ಕಂಪನಿಯವರ ಹತ್ತಿರ. ಫೋನ್ ಬಂದರೆ ಎತ್ತಬೇಡಿ ಎಂದು ಅಪ್ಪಣೆ.

ನಕ್ಕು ಬಿಡಬಹುದಿತ್ತು. ಆದರೆ ಇದು ತಮಾಷೆಗೆ ಮಾರುವ ವಸ್ತು ಅಲ್ಲ. ಹಾಗಾಗಿ ರಿಪೋರ್ಟಿನ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಯಾವ ಜೀನ್ ನೋಡಿದ್ದಾರೆ ಎಂದು ಹುಡುಕಿದೆ. ಖಿನ್ನತೆಗೆ, ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ಜೀನಿನ ಒಂದು ತುಂಡು. ಕುಡಿತಕ್ಕೆ, ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕವನ್ನು ಹಿಡಿಯುವ ಗ್ರಾಹಕದ ಜೀನ್ ಡಿಆರ್‌ಡಿ2. ಎರಡೂ ಒಂದು ಕಾಲದಲ್ಲಿ ದೊಡ್ಡ ಸುದ್ದಿಯಾಗಿದ್ದವು. ಡಿಆರ್‌ಡಿ2 ಮತ್ತು ಕುಡಿತದ ನಂಟಿನ ಸುದ್ದಿ 1990ರಲ್ಲಿ ಬಂತು. ಸೆರೊಟೋನಿನ್ ಜೀನಿನದು 1996ರಲ್ಲಿ, ಆಮೇಲೆ 2003ರಲ್ಲಿ ಇನ್ನೂ ಜೋರಾಗಿ. ನಂತರ ಲಕ್ಷಾಂತರ ಜನರ ಜೀನ್ ನೋಡಲು ಸಾಧ್ಯವಾದಾಗ ಕಥೆ ಬದಲಾಯಿತು. 2019ರಲ್ಲಿ ಖಿನ್ನತೆಗೆ ಕಾರಣ ಎನ್ನಲಾಗಿದ್ದ 18 ಹೆಸರಾಂತ ಜೀನ್‌ಗಳನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದರು. ಸುಮ್ನೆ ಕಣ್ಣು ಮುಚ್ಚಿ ಆರಿಸಿದ ಜೀನ್‌ಗಳಿಗಿಂತ ಅವು ಹೆಚ್ಚೇನೂ ಹೇಳಲಿಲ್ಲ. ನಮ್ಮ ಮೀಟರ್ ನಿಂತಿರುವುದು ಅಂಥ ಜೀನಿನ ಮೇಲೆ.

ಹಾಗಾದರೆ ಖಿನ್ನತೆ ವಂಶದಲ್ಲಿ ಬರುವುದಿಲ್ಲವಾ? ಬರುತ್ತದೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದ್ದರೆ ನಮಗೆ ಬರುವ ಸಂಭವ ಎರಡು ಮೂರು ಪಟ್ಟು ಹೆಚ್ಚು. ಅವಳಿ ಮಕ್ಕಳ ಅಧ್ಯಯನಗಳಿಂದ ಲೆಕ್ಕ ಹಾಕಿದಾಗ ಖಿನ್ನತೆಯಲ್ಲಿ ಜೀನ್‌ಗಳ ಪಾಲು ಶೇ. 37ರ ಆಸುಪಾಸು, ಕುಡಿತದ ಕಾಯಿಲೆಯಲ್ಲಿ ಅರ್ಧದಷ್ಟು ಎಂದು ಬಂದಿದೆ. ಇದರ ಅರ್ಥ ನನಗೆ ಖಿನ್ನತೆ ಬರುವ ಸಾಧ್ಯತೆ ಶೇ. 37 ಎಂದಲ್ಲ. ಊರಿನಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇರುವ ವ್ಯತ್ಯಾಸದಲ್ಲಿ ಅಷ್ಟು ಭಾಗವನ್ನು ಜೀನ್ ವಿವರಿಸುತ್ತದೆ, ಅಷ್ಟೇ. ತಮ್ಮನಿಗೆ ಇದನ್ನು ವಾಟ್ಸಾಪ್‌ನಲ್ಲಿ ವಿವರಿಸಲು ಹೋಗಿ ನನ್ನ ಚಹಾ ತಣ್ಣಗಾಯಿತು.

ಮತ್ತೆ, ಅದು ಒಂದು ಜೀನಿನ ಕೆಲಸವೇ ಅಲ್ಲ. 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 29 ದೇಶಗಳ ಮಾಹಿತಿ ಸೇರಿಸಿ ಖಿನ್ನತೆಯ ಜೊತೆ ನಂಟಿರುವ ಸುಮಾರು 700 ಜೀನ್ ವ್ಯತ್ಯಾಸಗಳನ್ನು ಗುರುತಿಸಿದ್ದಾರೆ. ಒಂದೊಂದರ ಪ್ರಭಾವ ಸಾರಿಗೆ ಬಿದ್ದ ಒಂದು ಉಪ್ಪಿನ ಹರಳಿನಷ್ಟು. ಎಲ್ಲ ಕೂಡಿಸಿದರೂ ಒಬ್ಬ ವ್ಯಕ್ತಿಗೆ ಬರುತ್ತದೆ, ಬರುವುದಿಲ್ಲ ಎಂದು ಹೇಳಲು ಆಗುವುದಿಲ್ಲ. ಅದಲ್ಲದೆ ಇಂಥ ಅಧ್ಯಯನಗಳಲ್ಲಿ ಬಹುಪಾಲು ಜನ ಯುರೋಪ್ ಮೂಲದವರು. ಅವರ ಲೆಕ್ಕವನ್ನು ಉಡುಪಿಯವರ ಮೇಲೆ ಹಾಕಿದರೆ ಇನ್ನಷ್ಟು ತಪ್ಪುತ್ತದೆ.

ಕುಡಿತದಲ್ಲಿ ಒಂದೆರಡು ಜೀನ್ ನಿಜಕ್ಕೂ ಜೋರು. ಮದ್ಯ ದೇಹದಲ್ಲಿ ಮೊದಲು ಒಂದು ಕಿಣ್ವದಿಂದ ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಆಮೇಲೆ ಇನ್ನೊಂದು ಕಿಣ್ವ ಅದನ್ನು ನಿರಪಾಯ ಮಾಡುತ್ತದೆ. ಚೀನಾ, ಜಪಾನ್, ಕೊರಿಯಾದಲ್ಲಿ ಬಹಳ ಜನರಿಗೆ ಎಎಲ್‌ಡಿಎಚ್2 ಎಂಬ ಜೀನಿನ ವ್ಯತ್ಯಾಸದಿಂದ ಈ ಎರಡನೇ ಕಿಣ್ವ ದುರ್ಬಲ. ಒಂದು ಪೆಗ್‌ಗೇ ಮುಖ ಕೆಂಪು, ಎದೆ ಡವಡವ, ವಾಕರಿಕೆ. ಅವರಲ್ಲಿ ಕುಡಿತದ ಚಟ ಕಡಿಮೆ. ನಮ್ಮಲ್ಲಿ ಈ ವ್ಯತ್ಯಾಸ ಅಪರೂಪ. ಆದರೆ ಅದೇ ಕೆಲಸ ಮಾಡುವ ಮಾತ್ರೆ ನನ್ನ ಕಪಾಟಿನಲ್ಲಿ ಉಂಟು, ಡೈಸಲ್ಫಿರಾಮ್. ಅದು ಆ ಕಿಣ್ವವನ್ನೇ ತಡೆಯುತ್ತದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಹೇಳಲೇಬೇಕು. ಸಂಜೆ ಅಂಗಡಿಗೆ ಹೆಂಗಸರು ಬರುತ್ತಾರೆ. ಬೇರೆ ಗಿರಾಕಿ ಹೋಗುವ ತನಕ ಸುಮ್ನೆ ನಿಲ್ಲುತ್ತಾರೆ. ಆಮೇಲೆ ಮೆಲ್ಲ ಕೇಳುತ್ತಾರೆ, "ಅಕ್ಕಾ, ಗೊತ್ತಾಗದ ಹಾಗೆ ಸಾಂಬಾರಿಗೆ ಹಾಕುವ ಮಾತ್ರೆ ಉಂಟಲ್ಲಾ, ಅದು ಕೊಡಿ." ಕೊಡುವುದಿಲ್ಲ. ಡೈಸಲ್ಫಿರಾಮ್ ವೈದ್ಯರ ಚೀಟಿ ಇಲ್ಲದೆ ಕೊಡುವ ಮಾತ್ರೆಯಲ್ಲ, ತೆಗೆದುಕೊಳ್ಳುವವರಿಗೆ ಗೊತ್ತಿಲ್ಲದೆ ಹಾಕುವ ಮಾತ್ರೆಯಂತೂ ಅಲ್ಲವೇ ಅಲ್ಲ. ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಕುಡಿತದ ಆಸೆ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಮಾತ್ರೆಗಳೂ ಇವೆ. ಅವನ್ನೂ ವೈದ್ಯರೇ ಬರೆಯಬೇಕು. ಇನ್ನೊಂದು ಮಾತು. ದಿನಾ ಬೆಳಿಗ್ಗೆಯಿಂದ ಕುಡಿಯುವವರನ್ನು ಒಮ್ಮೆಲೇ ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸಲು ಹೋಗಬೇಡಿ. ಕುಡಿತ ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ಒಳಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು, ಜ್ವರ ಶುರುವಾಗಬಹುದು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ಬಿ1 ವಿಟಮಿನ್ ಕೊಟ್ಟು ಇಳಿಸುತ್ತಾರೆ.

ಅಪ್ಪನಿಗೆ ಬೆಳಿಗ್ಗೆ ಲೋಟ ಹಿಡಿದರೆ ಚಹಾ ಚೆಲ್ಲುತ್ತಿತ್ತು. ಒಂದು ನೈಂಟಿ ಒಳಗೆ ಹೋದ ಮೇಲೆ ಕೈ ನಿಲ್ಲುತ್ತಿತ್ತು. ಮಲ್ಪೆ ಬಂದರಿನಲ್ಲಿ ಲೆಕ್ಕ ಬರೆಯುವ ಕೆಲಸ, ಅಕ್ಷರ ಮುತ್ತಿನ ಹಾಗೆ. ಆದರೂ ನಾವೆಲ್ಲ ಅದನ್ನು ಅಭ್ಯಾಸ ಎಂದೇ ಕರೆದೆವು. ಕಾಯಿಲೆಯ ಗುರುತುಗಳು ಒಂದೊಂದಾಗಿ ಎದುರಿಗೇ ಇದ್ದವು. ಮೊದಲಿನಷ್ಟು ಕುಡಿದರೆ ಸಾಲದು. ಇವತ್ತು ಬೇಡ ಎಂದುಕೊಂಡರೂ ತಡೆಯಲು ಆಗದು. ಬಿಟ್ಟರೆ ನಡುಕ, ಬೆವರು, ನಿದ್ದೆ ಇಲ್ಲ. ಹಾನಿ ಕಂಡರೂ ಮುಂದುವರಿಕೆ. ಮೊದಲು ಇಷ್ಟವಿದ್ದ ಕೆಲಸಗಳೆಲ್ಲ ಹಿಂದೆ. ಇದನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಯ ಪಟ್ಟಿ ಇದೆ, ಆಡಿಟ್ ಅಂತ. 40ರಲ್ಲಿ 8 ಅಥವಾ ಜಾಸ್ತಿ ಬಂದರೆ ಹುಷಾರಾಗಬೇಕು. ಅದಕ್ಕೆ ದುಡ್ಡಿಲ್ಲ, ಉಗುಳೂ ಬೇಡ.

ತಮ್ಮನ ಹಸಿರು ಮೀಟರಿಗೆ ನನ್ನ ಕೋಪ ಇಲ್ಲೇ ಇರುವುದು. ರಿಪೋರ್ಟ್ ಬಂದ ವಾರಾಂತ್ಯದಲ್ಲಿ ಅವನ ಸ್ಟೇಟಸ್‌ನಲ್ಲಿ ಬಿಯರ್ ಗ್ಲಾಸ್. "ನನಗೆ ಹಸಿರು ಅಲ್ವಾ ಅಕ್ಕಾ. ಮತ್ತೆ ನನಗೆ ಎಷ್ಟು ಕುಡಿದರೂ ಏರುವುದಿಲ್ಲ." ಅವನು ಹೆಮ್ಮೆಯಿಂದ ಹೇಳಿದ ಆ ಎರಡನೇ ಮಾತೇ ರಿಪೋರ್ಟಿನ ಎಲ್ಲ ಪುಟಗಳಿಗಿಂತ ದೊಡ್ಡ ಸುಳಿವು. ಕುಡುಕ ತಂದೆಯ ಗಂಡುಮಕ್ಕಳಲ್ಲಿ ಮದ್ಯ ಬೇಗ ಏರದೇ ಇರುವವರೇ ಮುಂದೆ ಚಟಕ್ಕೆ ಬೀಳುವ ಸಂಭವ ಹೆಚ್ಚು ಎಂದು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳು ಹೇಳಿವೆ. ದೇಹ ಸಾಕು ಅನ್ನುವುದೇ ಇಲ್ಲ, ಹಾಗಾಗಿ ಜಾಸ್ತಿ ಹೋಗುತ್ತದೆ.

ಜೀನ್ ಬಗ್ಗೆ ನನಗೆ ತುಂಬಾ ಹಿಡಿಸಿದ ಅಧ್ಯಯನ ಹಳೆಯದು, 1973ರ ಡೆನ್ಮಾರ್ಕಿನದು. ಕುಡಿತದ ಕಾಯಿಲೆ ಇದ್ದವರ ಗಂಡುಮಕ್ಕಳನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆಯವರು ದತ್ತು ತೆಗೆದುಕೊಂಡಿದ್ದರು. ದೊಡ್ಡವರಾದ ಮೇಲೆ ನೋಡಿದರೆ ಅವರಲ್ಲಿ ಕುಡಿತದ ಕಾಯಿಲೆ ಇತರ ದತ್ತು ಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು. ಮನೆಯ ವಾತಾವರಣ ಒಂದೇ ಕಾರಣ ಎನ್ನುವವರಿಗೆ ಅದು ಉತ್ತರ. ಆದರೆ ಅದೇ ಲೆಕ್ಕದ ಇನ್ನೊಂದು ಮಗ್ಗುಲು: ಆ ಮಕ್ಕಳಲ್ಲೂ ಶೇ. 80ಕ್ಕಿಂತ ಹೆಚ್ಚು ಮಂದಿಗೆ ಆ ಕಾಯಿಲೆ ಬರಲಿಲ್ಲ. ತಮ್ಮನಿಗೆ ಇದನ್ನು ಹೇಳಿದೆ. ಬಿಯರ್ ಸ್ಟೇಟಸ್ ತೆಗೆದ. ಕುಡಿಯುವುದು ಬಿಟ್ಟನೋ, ಸ್ಟೇಟಸ್ ಹಾಕುವುದು ಮಾತ್ರ ಬಿಟ್ಟನೋ, ಬಹ್ರೈನಿನ ವಿಷಯ ಉಡುಪಿಯಲ್ಲಿ ಕೂತು ಹೇಗೆ ಹೇಳಲಿ.

ತಂಗಿಯದು ಬೇರೆ ಕಥೆ. ಹೆರಿಗೆಯಾಗಿ ತಿಂಗಳ ಮೇಲೆ ಶುರುವಾಯಿತು. ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ. ಬಂಗುಡೆ ಪುಳಿಮುಂಚಿ ಅಂದರೆ ಪ್ರಾಣ ಬಿಡುವವಳು ಬಟ್ಟಲು ಸರಿಸುತ್ತಿದ್ದಳು. ಮಗು ಮಲಗಿದರೂ ಇವಳಿಗೆ ನಿದ್ದೆ ಇಲ್ಲ. ಮನೆ ಹಿಂದಿನ ಗದ್ದೆಯಲ್ಲೇ ಯಕ್ಷಗಾನದ ಆಟ, ಚೆಂಡೆ ಕೇಳಿದರೆ ಓಡುವ ಹುಡುಗಿ ಕೋಣೆಯಿಂದ ಹೊರಗೆ ಬರಲಿಲ್ಲ. "ನಾನು ಅಮ್ಮ ಆಗಲಿಕ್ಕೆ ಲಾಯಕ್ಕಿಲ್ಲ ಅಕ್ಕಾ" ಎಂದು ಒಂದು ರಾತ್ರಿ ಹೇಳಿದಳು. ನೆಂಟರು ಬಾಣಂತಿ ಸುಸ್ತು ಎಂದರು. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದೆವು, ನಾಗನಿಗೆ ತಂಬಿಲ ಪೂಜೆ ಆಯಿತು. ಆಗಲಿ, ಅಮ್ಮನಿಗೆ ಧೈರ್ಯ ಬಂತು. ತಂಗಿಗೆ ಗುಣ ಕಂಡದ್ದು ಮನೋವೈದ್ಯರ ಹತ್ತಿರ ಹೋದ ಮೇಲೆ.

ಅವರು ಉಗುಳು ಕೇಳಲಿಲ್ಲ. ಪ್ರಶ್ನೆ ಕೇಳಿದರು. ಎರಡು ವಾರದಿಂದ ದಿನದ ಹೆಚ್ಚು ಹೊತ್ತು ಬೇಸರವಾ, ಯಾವುದರಲ್ಲೂ ಆಸಕ್ತಿ ಇಲ್ಲವಾ, ನಿದ್ದೆ, ಹಸಿವು, ಸುಸ್ತು, ಗಮನ, ತಪ್ಪೆಲ್ಲ ನನ್ನದೇ ಎನ್ನುವ ಭಾವನೆ, ಮಾತು ನಡೆ ನಿಧಾನವಾದದ್ದು ಅಥವಾ ಚಡಪಡಿಕೆ, ಸಾಯುವ ಯೋಚನೆ. ಒಂಬತ್ತು ವಿಷಯ. ಮೊದಲೆರಡರಲ್ಲಿ ಒಂದಾದರೂ ಸೇರಿ ಐದು ಇದ್ದು, ದಿನದ ಬದುಕು ಕೆಟ್ಟಿದ್ದರೆ ಖಿನ್ನತೆ ಎಂದು ತೀರ್ಮಾನಿಸುತ್ತಾರೆ. ಥೈರಾಯ್ಡ್ ರಕ್ತ ಪರೀಕ್ಷೆ ಬರೆದರು, ಅದು ಕೆಟ್ಟರೂ ಹೀಗೇ ಕಾಣುತ್ತದೆ. ಎದೆಹಾಲು ಕೊಡುವವರಿಗೆ ಸಾಮಾನ್ಯವಾಗಿ ಕೊಡುವ ಸರ್ಟ್ರಾಲಿನ್ ಶುರು ಮಾಡಿದರು. ಮೊದಲ ವಾರಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಅಲ್ಲಿಯೇ ಬಹಳ ಜನ ಬಿಟ್ಟುಬಿಡುತ್ತಾರೆ, ಕೌಂಟರಿನಲ್ಲಿ ನಿಂತು ನೋಡಿದ್ದೇನೆ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದ ಹಾಗೆ ಮೆಲ್ಲ ಇಳಿಸಬೇಕು. ಇದು ಚಟ ಹಿಡಿಸುವ ಮಾತ್ರೆ ಅಲ್ಲ. ನಿದ್ದೆ ಮಾತ್ರೆ ಬೇರೆ, ಇದು ಬೇರೆ.

ಈ ತಂಗಿಗೆ ರಿಪೋರ್ಟ್ ಹೇಳಿದ್ದು, ನಿಮಗೆ ಅಪಾಯ ಕಡಿಮೆ. ಅವಳು ಅದನ್ನು ಓದಿ ಕೇಳಿದಳು, "ಹಾಗಾದರೆ ನನಗೆ ಆದದ್ದು ಏನು? ನಾನೇ ಸೋಂಬೇರಿಯಾ?" ಬಾಕ್ಸಿನ ಮೇಲೆ ಇಂಥ ಪ್ರಶ್ನೆಗೆ ಎಚ್ಚರಿಕೆ ಬರೆದಿಲ್ಲ.

ಒಂದು ಪುಟಕ್ಕೆ ಮಾತ್ರ ನಾನು ಬೆಲೆ ಕೊಡುತ್ತೇನೆ. ಔಷಧಿ ಕರಗಿಸುವ ಕಿಣ್ವಗಳ ಪುಟ. ಸಿವೈಪಿ2ಸಿ19 ಎಂಬ ಜೀನ್ ನಿಧಾನವಾಗಿದ್ದರೆ ಸಿಟಾಲೊಪ್ರಾಮ್, ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆಗಳು ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ, ಅಡ್ಡ ಪರಿಣಾಮ ಹೆಚ್ಚು. ನಮ್ಮ ದೇಶದಲ್ಲಿ ಹೀಗಿರುವವರು ಯುರೋಪಿಗಿಂತ ಜಾಸ್ತಿ. ತಂಗಿಯದು ನಿಧಾನ ಎಂದು ಬಂದಿದೆ. ಮೊದಲ ವಾರಗಳ ಅವಳ ವಾಕರಿಕೆ ನೆನಪಾಯಿತು. ವೈದ್ಯರಿಗೆ ತೋರಿಸಿದೆವು, ಫೈಲಿನಲ್ಲಿ ಸೇರಿಸಿಕೊಂಡರು. ಆದರೆ ಅದೇ ಪುಟದಲ್ಲಿ ನಿಮಗೆ ಯಾವ ಮಾತ್ರೆ ಹಿಡಿಸುತ್ತದೆ ಎಂದು ಹಸಿರು ಟಿಕ್ ಹಾಕಿದ್ದಾರಲ್ಲ, ಅದನ್ನು ನಂಬಿ ಮಾತ್ರೆ ಬದಲಿಸಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಇಂಥ ಭರವಸೆಗಳ ಬಗ್ಗೆ ಜನರನ್ನು ಎಚ್ಚರಿಸಿದೆ.

ಪ್ಯಾಕಿನ ಜೊತೆ ಆಪ್ತಸಲಹೆಯ ಫೋನ್ ಕರೆ ಪುಕ್ಕಟೆ. ಇಂಗ್ಲಿಷ್ ಅಥವಾ ಹಿಂದಿ. ಕನ್ನಡ ಇಲ್ಲ. ಅಮ್ಮನ ಪಾಲಿನ ಕರೆ ಹಾಗೇ ಹೋಯಿತು. ನನಗೆ ಸಿಕ್ಕಿದ ಹುಡುಗಿ ಒಳ್ಳೆಯವಳು, ಆದರೆ ನಮ್ಮ ಮನೆಯಲ್ಲಿ ಯಾರಿಗೆ ಏನಿತ್ತು ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಧ್ಯಾನ ಮಾಡಿ, ಮೀನು ತಿನ್ನಿ ಎಂದಳು. ಉಡುಪಿಯವರಿಗೆ!

ಮನೆತನದ ಚರಿತ್ರೆ ನಾನೇ ಕೇಳಿದೆ. ಇದರಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕು ಇದೆ. ನಮ್ಮದು ಅಳಿಯಸಂತಾನದ ಮನೆ, ಅಂದರೆ ವಂಶ, ಆಸ್ತಿ ಎಲ್ಲ ತಾಯಿಯ ಕಡೆಯಿಂದ. ಅಮ್ಮನ ಕುಟುಂಬದ ನಾಲ್ಕು ತಲೆಮಾರು ಬಾಯಿಪಾಠ, ಭೂತದ ಕೋಲಕ್ಕೆ ಎಲ್ಲರೂ ಸೇರುತ್ತಾರೆ. ಅಪ್ಪನ ಕಡೆಯದು ಯಾರೂ ಕೇಳುವುದಿಲ್ಲ. ಆಸ್ತಿಗೆ ಆ ಲೆಕ್ಕ ನಡೆಯಬಹುದು, ಜೀನ್ ಎರಡೂ ಕಡೆಯಿಂದ ಸಮಪಾಲು ಬರುತ್ತದೆ. ಮೂಡುಬೆಳ್ಳೆಯಲ್ಲಿ ಅಪ್ಪನ ತಂಗಿ, ನಮ್ಮ ಮಾಮಿ, ಇದ್ದಾರೆ. ಹೋಗಿ ಕೂತೆ. ಅಜ್ಜನದೂ ಕುಡಿತ. ಒಬ್ಬ ದೊಡ್ಡಪ್ಪ ಹಗಲಿಡೀ ಕೋಣೆಯಲ್ಲಿ ಮಲಗಿರುತ್ತಿದ್ದರಂತೆ, ಮನೆಯವರು ಮೈಗಳ್ಳ ಎಂದು ಬೈಯುತ್ತಿದ್ದರಂತೆ. ಅಪ್ಪನೂ ಕುಡಿತ ಶುರು ಮಾಡುವ ಮೊದಲು ಹಾಗೇ ಒಂದು ಮಳೆಗಾಲ ಇಡೀ ಕೆಲಸಕ್ಕೆ ಹೋಗಿರಲಿಲ್ಲವಂತೆ. ಖಿನ್ನತೆ, ಕುಡಿತ, ಈ ಎರಡು ಕಾಯಿಲೆಗಳಿಗೆ ಕೆಲವು ಜೀನ್‌ಗಳು ಸಾಮಾನ್ಯ, ಒಂದು ಇನ್ನೊಂದನ್ನು ಎಳೆದು ತರುತ್ತದೆ. ಕುಡಿತದಿಂದಲೇ ಬಂದ ಬೇಸರ ಪೂರ್ತಿ ಬಿಟ್ಟ ಮೂರು ನಾಲ್ಕು ವಾರದಲ್ಲಿ ಬಹಳ ಜನರಲ್ಲಿ ಇಳಿಯುತ್ತದೆ. ಇಳಿಯದೇ ಇದ್ದರೆ ಖಿನ್ನತೆಗೆ ಬೇರೆ ಚಿಕಿತ್ಸೆ ಬೇಕು. ಅಪ್ಪನಿಗೆ ಯಾರೂ ಅದನ್ನು ನೋಡಲಿಲ್ಲ. ಆ ಮಧ್ಯಾಹ್ನ ಮಾಮಿ ಕೊಟ್ಟ ಮಾಹಿತಿ ನಾಲ್ಕು ರಿಪೋರ್ಟ್ ಸೇರಿದರೂ ಸಿಕ್ಕಿರಲಿಲ್ಲ. ಖರ್ಚು ಬಸ್ ಟಿಕೆಟ್, ಒಂದು ಪ್ಯಾಕೆಟ್ ಬನ್ಸ್.

ಉಗುಳು ಕೊಡುವ ಮೊದಲು ಒಪ್ಪಿಗೆ ಪತ್ರ ಓದಿ. ಸಂಶೋಧನೆಗೆ ಬಳಸಬಹುದು ಎನ್ನುವ ಟಿಕ್ ನಮ್ಮ ಫಾರಂನಲ್ಲಿ ಮೊದಲೇ ಬಿದ್ದಿತ್ತು, ತೆಗೆದೆ. ಅಮೆರಿಕದ 23ಆ್ಯಂಡ್‌ಮಿ ಎಂಬ ದೊಡ್ಡ ಕಂಪನಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಅಷ್ಟೂ ಗ್ರಾಹಕರ ಜೀನ್ ಮಾಹಿತಿ ಯಾರ ಕೈಗೆ ಹೋಗುತ್ತದೆ ಎಂದು ದೊಡ್ಡ ಗಲಾಟೆಯಾಯಿತು. ಪಾಸ್‌ವರ್ಡ್ ಬದಲಿಸಬಹುದು, ಜೀನ್ ಬದಲಿಸಲು ಆಗುವುದಿಲ್ಲ ಅಲ್ವಾ.

ಇಪ್ಪತ್ತು ಸಾವಿರ ಕೈಯಲ್ಲಿದ್ದು ಮನೆಯಲ್ಲಿ ಇಂಥ ಚಿಂತೆ ಇದ್ದರೆ, ಒಬ್ಬ ಮನೋವೈದ್ಯರನ್ನು ಕಂಡು ಬನ್ನಿ, ಬಹಳಷ್ಟು ಉಳಿಯುತ್ತದೆ. ಕೈಯಲ್ಲಿ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಉಡುಪಿ, ಮಂಗಳೂರು ಎರಡೂ ಕಡೆ ನಡೆಯುತ್ತವೆ, ಫೀಸ್ ಇಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ 20 ಜನರಲ್ಲಿ ಒಬ್ಬರಿಗೆ ಖಿನ್ನತೆ, ಮತ್ತು ಚಿಕಿತ್ಸೆ ಬೇಕಾದವರಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿಗೆ ಅದು ಸಿಗುತ್ತಿಲ್ಲ. ಕುಡಿತದ ಕಾಯಿಲೆಯದೂ ಅದೇ ಪರಿಸ್ಥಿತಿ.

ಸ್ಟಾರ್: ಪ್ಯಾಕಿಂಗ್, ಕೊರಿಯರ್, ಎರಡನೇ ಕಿಟ್ ಕಳಿಸಿದ್ದಕ್ಕೆ ಐದಕ್ಕೆ ಐದು. ಔಷಧಿ ಪುಟಕ್ಕೆ ಮೂರು. ಖಿನ್ನತೆ, ಕುಡಿತದ ಮೀಟರ್‌ಗಳಿಗೆ ಸೊನ್ನೆ, ಆದರೆ ಸೊನ್ನೆ ಒತ್ತಲು ಜಾಗ ಇಲ್ಲದ ಕಾರಣ ಒಂದು. ಮೊನ್ನೆ ಮಕ್ಕಳ ಪ್ಯಾಕಿಗೆ ಕೂಪನ್ ಬಂದಿದೆ. ಮುಂದೆ ಬರಬಹುದಾದ ಕಾಯಿಲೆಗಾಗಿ ಸಣ್ಣ ಮಕ್ಕಳ ಜೀನ್ ಪರೀಕ್ಷೆ ಬೇಡ, ದೊಡ್ಡವರಾಗಿ ಅವರೇ ತೀರ್ಮಾನಿಸಲಿ ಎಂದು ಜೀನ್ ತಜ್ಞರ ಸಂಘಗಳೇ ಹೇಳುತ್ತವೆ. ಕೂಪನ್ ಬೇಕಾದವರು ಕೇಳಬೇಡಿ, ಕೊಡುವುದಿಲ್ಲ.